ಹಳೇ ಕ್ಯಾಂಪರಿಗೂ ನೀರು ತುಂಬುವ ಹಬ್ಬ

ಹಳೇ ಗಾಡಿ ಇಟ್ಟುಕೊಂಡವನ ಮನೆಯಲ್ಲಿ ನಗುವಿಗೆ ಬರಗಾಲ ಬರುವುದಿಲ್ಲ. ನಗುವವರು ಸಾಮಾನ್ಯವಾಗಿ ಅಕ್ಕಪಕ್ಕದವರು, ಅಷ್ಟೇ. ಆ ಗಾಡಿಯೊಳಗೆ ನಲ್ಲಿ, ಬಚ್ಚಲು, ಬಾಯ್ಲರು ಕೂಡ ಇದ್ದುಬಿಟ್ಟರಂತೂ ಕೇಳಲೇಬೇಡಿ.

ನಮ್ಮದು ಇಪ್ಪತ್ತೆಂಟು ವರ್ಷದ ಕ್ಯಾಂಪರ್. ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಒಂದು ಹಾಸಿಗೆ, ಎರಡು ಒಲೆ, ಉಸಿರು ಬಿಗಿಹಿಡಿದು ಒಬ್ಬರು ನಿಲ್ಲಬಹುದಾದ ಬಚ್ಚಲು. ಕೊರೋನಾದ ಮೊದಲ ಬೇಸಿಗೆಯಲ್ಲಿ ಅದನ್ನು ಕೊಂಡದ್ದು ನನ್ನ ಹೆಂಡತಿಗಾಗಿ. ನಾನು ಮೈಸೂರಿನವನು, ನೀರು ಎಂದರೆ ನನಗೆ ನಲ್ಲಿಯಲ್ಲಿ ಬರುವಂಥದ್ದು. ಅವಳು ಉಡುಪಿ ಕಡೆಯವಳು, ಅಲೆಯ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದಲ್ಲಿ ಬೆಳೆದವಳು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಸಮುದ್ರ ನೋಡಿ ಬರುತ್ತಿದ್ದಳು. ಆ ವರ್ಷ ವಿಮಾನಗಳು ನಿಂತವು. ನಾವಿರುವ ಡಚ್ ಊರು ಆಲ್ಮೆರೆಯ ಸುತ್ತ ಬೇಕಾದಷ್ಟು ನೀರಿದೆ, ತೋರಿಸಿದೆ.

"ಇದು ಎಂತ ಸಮುದ್ರ ಮಾರಾಯ್ರೆ? ಉಪ್ಪೂ ಇಲ್ಲ, ತೆರೆಯೂ ಇಲ್ಲ. ದೊಡ್ಡ ಕೆರೆ" ಎಂದಳು.

ನಿಜವಾದ ಸಮುದ್ರ ಕಾರಿನಲ್ಲಿ ಒಂದು ಗಂಟೆಯ ದಾರಿ. ಹೋಗಿ ಬರೋಣವೆಂದರೆ ಅದಕ್ಕೂ ಒಪ್ಪಲಿಲ್ಲ. "ಬೆಳಿಗ್ಗೆ ಎದ್ದ ಕೂಡಲೇ ಸಮುದ್ರದಲ್ಲಿ ಮೀಯ್ಬೇಕು. ಬಂದು ಬಿಸಿನೀರು ಹೊಯ್ಕೊಳ್ಬೇಕು. ಅಮ್ಮನ ಮನೆಯಲ್ಲಿ ಹಾಗೆಯೇ. ಉಪ್ಪು ಮೈಯಲ್ಲಿ ಒಂದು ಗಂಟೆ ಕಾರಲ್ಲಿ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ." ನೂರು ಜನ ಮಿಂದ ಕ್ಯಾಂಪಿಂಗ್ ಬಚ್ಚಲಿನಲ್ಲಿ, ಅದೂ ಈ ರೋಗದ ಕಾಲದಲ್ಲಿ, ಕಾಲಿಡುವುದಿಲ್ಲ ಎಂದು ಆಣೆ ಮಾಡಿದಳು. ಹಾಗಾಗಿ ಸ್ವಂತ ಬಿಸಿನೀರು ಇರುವ ಗಾಡಿ ಬಂತು. ಅವಳ ಒಂದು ಸ್ನಾನಕ್ಕಾಗಿ ನಾನು ಪಟ್ಟ ಪಾಡು ಇದು.

೧. ಪೊರಕೆ ಕೋಲಿನ ಪಾಠ

ಗಾಡಿ ಮಾರಿದವರು ಟಿಲ್‌ಬರ್ಗ್ ಹತ್ತಿರದ ಒಬ್ಬ ನಿವೃತ್ತ ಅಜ್ಜ. ನಮ್ಮನ್ನು ಎದುರುಗೊಳ್ಳುವಾಗ ಕೈಯಲ್ಲಿ ಪೊರಕೆ ಕೋಲು ಹಿಡಿದಿದ್ದರು. ಗಾಬರಿಯಾಯಿತು. "ಒಂದೂವರೆ ಮೀಟರ್. ಅಳೆದಿದ್ದೇನೆ" ಎಂದರು. ಕೋಲು ಅಂತರ ಕಾಯಲು.

ನಾನು ಗಾಡಿಯ ಒಳಗೆ, ಅವರು ಹೊರಗೆ. ಕಿಟಕಿಯಿಂದ ಕೋಲು ತೂರಿಸಿ ಪಾಠ ಶುರು ಮಾಡಿದರು. "ಸೀಟಿನ ಕೆಳಗೆ ಟ್ಯಾಂಕು, ಎಪ್ಪತ್ತು ಲೀಟರ್. ಹಳದಿ ತಿರುಗಣೆ ತಿರುಗಿಸಿದರೆ ಖಾಲಿಯಾಗುತ್ತದೆ. ಹಳದಿ! ನೀವು ಹಿಡಿದಿರುವುದು ಗ್ಯಾಸು!" ಎಂದು ಕೋಲಿನಿಂದ ನನ್ನ ಮೊಣಕೈಗೆ ತಿವಿದರು. ಬಾಯ್ಲರಿನ ವಾಲ್ವ್, ಪಂಪಿನ ಸ್ವಿಚ್ಚು, ಎಲ್ಲಕ್ಕೂ ಒಂದೊಂದು ತಿವಿತ. ಕೊನೆಗೆ ಮಂತ್ರೋಪದೇಶ: "ಚಳಿಗಾಲಕ್ಕೆ ಮುಂಚೆ ನೀರು ಹೊರಗೆ. ಎಲ್ಲಾ ಹೊರಗೆ. ಒಂದು ತೊಟ್ಟು ಉಳಿದರೂ ಹೆಪ್ಪುಗಟ್ಟಿ ಊದಿಕೊಂಡು ಪೈಪು ಒಡೆಯುತ್ತದೆ." ಇದನ್ನು ನನ್ನ ಬಾಯಿಂದ ಮೂರು ಸಲ ಹೇಳಿಸಿದರು.

ಈ ಪಾಠ ಕೇಳದೆ ಹೋದವಳು ನನ್ನ ಹೆಂಡತಿ. ಅವಳು ಆ ಹೊತ್ತಿಗೆ ಹೊರಗೆ ಗಾಡಿ ಪೂಜೆಯಲ್ಲಿದ್ದಳು. ಮುಂದಿನ ಗಾಜಿಗೆ ಕುಂಕುಮ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಅಜ್ಜ ಕೋಲೂರಿಕೊಂಡು ನೋಡಿದರು. ಇದೇಕೆಂದು ಕೇಳಿದರು. ಗಾಡಿ ತೊಂದರೆ ಕೊಡದಿರಲಿ ಎಂದು, ಅಂದೆ. ಚಕ್ರದಡಿಯ ಒಂದು ನಿಂಬೆಹಣ್ಣನ್ನು ಕೋಲಿನಿಂದ ಮುಟ್ಟಿ ನೋಡಿದರು.

"ಇಪ್ಪತ್ತು ವರ್ಷ ಓಡಿಸಿದೆ. ನನಗೆ ಯಾರೂ ನಿಂಬೆಹಣ್ಣಿನ ವಿಷಯ ಹೇಳಲೇ ಇಲ್ಲ. ಮೂರು ಪಂಪು ಬದಲಾಯಿಸಿದ್ದೇನೆ."

೨. ಹುಣಸೆಹುಳಿ

ಗಾಡಿ ಬಂತು, ನೀರು ಮಾತ್ರ ವಾಸನೆ ಹೊಡೆಯುತ್ತಿತ್ತು. ಟ್ಯಾಂಕು ತೊಳೆಯಲು ಅಂಗಡಿಯಲ್ಲಿ ಪುಡಿ ಸಿಗುತ್ತದೆ, ತರುತ್ತೇನೆ ಎಂದೆ. ಅಷ್ಟರಲ್ಲಿ ವಿಷಯ ಉಡುಪಿಗೆ ಮುಟ್ಟಿತ್ತು. ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಬಂದು ನಮ್ಮ ಸಂಸಾರದ ತಪಾಸಣೆ ಮಾಡುತ್ತಾರೆ.

"ಪುಡಿ ಎಂತಕ್ಕೆ? ಹಂಡೆ ತೊಳೀಲಿಕ್ಕೆ ಹುಣಸೆಹುಳಿಗಿಂತ ದೊಡ್ಡ ಮದ್ದು ಉಂಟಾ?"

"ಅತ್ತೆ, ಅದು ತಾಮ್ರದ ಹಂಡೆಗೆ. ಇದು ಪ್ಲಾಸ್ಟಿಕ್ಕು."

"ನೀರು ತುಂಬಿಸುದೇ ಅಲ್ವಾ?"

ಈ ತರ್ಕದ ಮುಂದೆ ನಾನು ಯಾರು? ದ ಹೇಗ್‌ನ ಇಂಡಿಯನ್ ಅಂಗಡಿಯಿಂದ ತಂದಿಟ್ಟಿದ್ದ ಒಂದು ಕೆಜಿ ಹುಣಸೆಹಣ್ಣನ್ನು ಹೆಂಡತಿ ನೆನೆಸಿ, ಕಿವುಚಿ, ಟ್ಯಾಂಕಿಗೆ ಸುರಿದಳು. "ಸೋಸಿದೆಯಾ?" ಎಂದು ಕೇಳಿದೆ. "ಕೈಯಲ್ಲಿ ಹಿಂಡಿದ್ದೇನೆ, ಸಾಕು" ಎಂದಳು. ಒಳಗೆ ಚೆನ್ನಾಗಿ ಕುಲುಕಲಿ ಎಂದು ಬಡಾವಣೆಗೆ ಮೂರು ಪ್ರದಕ್ಷಿಣೆ ಹಾಕಿದೆ. ಬಂದು ಪಂಪು ಹಾಕಿದರೆ ಗುರ್ ಎಂದು ಒಂದು ಸಲ ಗೊರಕೆ ಹೊಡೆದು ನಿಂತಿತು. ಬಿಚ್ಚಿ ನೋಡಿದರೆ ಅದರ ಜಾಲರಿಯ ತುಂಬ ಹುಣಸೆ ನಾರು, ನಡುವೆ ಎರಡು ಬೀಜ.

ಅದನ್ನು ಬಿಡಿಸಿ, ಮೂರು ದಿನ ನೀರು ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ, ಕೊನೆಗೆ ಒಂದು ಸಂಜೆ ತಿಳಿನೀರು ಬಂತು. ನನಗಂತೂ ತಿಳಿಯಾಗಿಯೇ ಕಂಡಿತು. ಎದುರು ಮನೆಯ ಅಜ್ಜಿ ಈ ಮೂರು ದಿನವೂ ಕಾಫಿ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಅವರು ನಲವತ್ತು ವರ್ಷ ಕ್ಯಾಂಪರ್ ಓಡಿಸಿದವರು, ಅವರ ಸರ್ಟಿಫಿಕೇಟು ಸಿಕ್ಕರೆ ಸಾಕಿತ್ತು. ಒಂದು ಲೋಟ ನೀರು ಹಿಡಿದು ಕಟ್ಟೆಯ ಮೇಲಿಟ್ಟು, ಒಂದೂವರೆ ಮೀಟರ್ ಹಿಂದೆ ಸರಿದು, "ಕುಡಿದು ಹೇಳಿ" ಎಂದೆ.

ಅಜ್ಜಿ ಗುಟುಕರಿಸಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು.

"ಸೂಪು ಚೆನ್ನಾಗಿದೆ. ಉಪ್ಪು ಸ್ವಲ್ಪ ಸಾಲದು."

೩. ಕೆಡದೆ ಉಳಿದ ಒಂದೇ ವಸ್ತು

ಹುಳಿಯ ರುಚಿ ಪೂರ್ತಿ ಹೋಗುವಷ್ಟರಲ್ಲಿ ಸೆಪ್ಟೆಂಬರ್ ಕಳೆಯಿತು. ಅಕ್ಟೋಬರ್ ಕೊನೆಯ ಒಂದು ಶನಿವಾರ ಹೊರಡುವುದೆಂದು ತೀರ್ಮಾನವಾಯಿತು. ಹೆಂಡತಿ ಬೆಳಿಗ್ಗೆಯೇ ಪುಳಿಯೋಗರೆ ಕಟ್ಟಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ಸಿದ್ಧಳಾದಳು. ಸಮುದ್ರ ಇನ್ನೂ ಎಪ್ಪತ್ತು ಕಿಲೋಮೀಟರ್ ದೂರವಿತ್ತು.

ಟ್ಯಾಂಕು ತುಂಬಿಸಿ, ಪಂಪು ಹಾಕಿ, ಬೂಟು ಹಾಕಿಕೊಳ್ಳಲು ಒಳಗೆ ಹೋದೆ. ಬಂದು ನೋಡಿದರೆ ಗಾಡಿಯ ಕೆಳಗಿಂದ ನೀರು ಹರಿದು ರಸ್ತೆ ಸೇರುತ್ತಿದೆ. ಮತ್ತೆ ತುಂಬಿಸಿದೆ, ಮತ್ತೆ ಹರಿಯಿತು. ಕೆಳಗೆ ಅಂಗಾತ ಮಲಗಿ ಕಂಡಕಂಡ ಪೈಪಿಗೆಲ್ಲ ಟೇಪು ಸುತ್ತಿದೆ. ನೀರು ಟೇಪಿಲ್ಲದ ಕಡೆಯಿಂದ ನನ್ನ ಕಾಲರಿನೊಳಗೆ ಇಳಿಯಿತು. ಎದುರು ಮನೆಯ ಅಜ್ಜಿ ಈ ಸಲ ಮಡಚುವ ಕುರ್ಚಿಯನ್ನೇ ತಂದು ಹಾಕಿಕೊಂಡಿದ್ದರು. ಮೂರನೇ ಸಲ ಟ್ಯಾಂಕು ಖಾಲಿಯಾದ ಮೇಲೆ ಕೇಳಿದರು, "ನಾನೊಂದು ಮಾತು ಹೇಳಲೇ?"

"ದಯವಿಟ್ಟು ಹೇಳಿ."

"ಹೊರಗೆ ಮೂರು ಡಿಗ್ರಿ ಇದೆ. ಬಾಯ್ಲರಿನ ಪಕ್ಕದ ವಾಲ್ವ್ ಚಳಿ ಹತ್ತಿದರೆ ತಾನಾಗಿಯೇ ತೆರೆದುಕೊಂಡು ನೀರು ಬಿಡುತ್ತದೆ, ಬಾಯ್ಲರ್ ಒಡೆಯದಿರಲಿ ಎಂದು. ನೀವು ಪಂಪು ಬೇರೆ ಹಾಕಿದ್ದೀರಿ, ಟ್ಯಾಂಕಿನದ್ದೂ ಹೋಯಿತು. ಮೊದಲು ಗಾಡಿ ಬೆಚ್ಚಗೆ ಮಾಡಬೇಕು. ಕೆಲವು ಮೂರ್ಖರು ಆ ವಾಲ್ವಿನ ಗುಂಡಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಮುಚ್ಚುತ್ತಾರೆ."

ಹೆಂಡತಿ ಈ ಕೊನೆಯ ಮಾತನ್ನು ಬಹಳ ಗಮನವಿಟ್ಟು ಕೇಳಿದಳು. ಅದು ನನಗೆ ಆಮೇಲೆ ನೆನಪಾಯಿತು.

"ಇದನ್ನು ಒಂದು ಗಂಟೆ ಮುಂಚೆ ಹೇಳಬಾರದಿತ್ತೇ?" ಎಂದೆ.

"ನೀವು ಕೇಳಲಿಲ್ಲ."

"ಹಾಗಾದರೆ ಆ ವಾಲ್ವ್ ಕೆಟ್ಟಿಲ್ಲವೇ?"

"ಕೆಟ್ಟಿಲ್ಲ. ನಿಮ್ಮ ಗಾಡಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವುದು ಅದೊಂದೇ."

೪. ಖಾಲಿ

ನವೆಂಬರ್ ಬಂತು. ಸಮುದ್ರ ಮುಂದಿನ ವರ್ಷಕ್ಕೆ ಎಂದು ನಿರ್ಧಾರವಾಯಿತು. ಟಿಲ್‌ಬರ್ಗಿನ ಅಜ್ಜನ ಉಪದೇಶ ನೆನೆದು ನಾನು ಒಂದು ಇಡೀ ದಿನ ಕೂತು ನೀರು ತೆಗೆದೆ. ಹಳದಿ ತಿರುಗಣೆ ತೆರೆದೆ, ನಲ್ಲಿಗಳನ್ನೆಲ್ಲ ತೆರೆದಿಟ್ಟೆ, ಪೈಪಿಗೆ ಬಾಯಿಟ್ಟು ಊದಿದೆ. ಟ್ಯಾಂಕಿನ ತಳವನ್ನು ಬಟ್ಟೆಯಲ್ಲಿ ಒರೆಸಿದೆ. ಕೆಲಸ ಮುಗಿದ ಗುರುತಿಗೆ ಒಂದು ದೊಡ್ಡ ಹಾಳೆಯಲ್ಲಿ "ಖಾಲಿ" ಎಂದು ಬರೆದು ಸ್ಟಿಯರಿಂಗ್ ಮೇಲೆ ಅಂಟಿಸಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಚಳಿಗಾಲವಿಡೀ ಆ ಕಡೆ ತಲೆ ಹಾಕಲಿಲ್ಲ.

ಫೆಬ್ರವರಿಯಲ್ಲಿ ಕಾಲುವೆಗಳು ಗಟ್ಟಿಯಾದವು. ಊರಿಗೆ ಊರೇ ಸ್ಕೇಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಇಳಿಯಿತು. ಕಿಟಕಿಯಿಂದ ಗಾಡಿ ನೋಡಿ ನಾನು ನೆಮ್ಮದಿಯಿಂದ ಚಹಾ ಕುಡಿದೆ. ಮಾರ್ಚಿನಲ್ಲಿ ಬಾಗಿಲು ತೆರೆದರೆ ಒಳಗೆ ಕಾಲಿಟ್ಟಲ್ಲೆಲ್ಲ ಪಚಪಚ. ಪಂಪು ಬಾಯಿಬಿಟ್ಟಿತ್ತು. ಪಕ್ಕದ ಪೈಪು ತಿರುಗುವ ಜಾಗದ ಎಲ್ಬೋ ಸೀಳಿತ್ತು. ನೆಲದ ಮೇಲೆ ಒಂದು ಬಟ್ಟೆ ಕ್ಲಿಪ್ಪು ಬಿದ್ದಿತ್ತು. ನಲ್ಲಿಯ ಮೂತಿಗೆ ಅರಿಸಿನ ಕುಂಕುಮ, ಅದರ ಮೇಲೊಂದು ಒಣಗಿದ ಸೇವಂತಿಗೆ. ಕಳ್ಳರು ಇಷ್ಟು ಭಕ್ತಿವಂತರಿರುವುದಿಲ್ಲ.

ಹೆಂಡತಿಯನ್ನು ಕರೆದೆ. "ಇದಕ್ಕೆ ಯಾರು ನೀರು ತುಂಬ್ಸಿದ್ದು?"

"ನಾನೇ. ದೀಪಾವಳಿಗೆ."

ಆಗ ಹೊಳೆಯಿತು. ನಮ್ಮಲ್ಲಿ ನರಕ ಚತುರ್ದಶಿಯ ಮುನ್ನಾದಿನ ನೀರು ತುಂಬುವ ಹಬ್ಬ. ಸಂಜೆ ಹಂಡೆ ತಿಕ್ಕಿ, ಬಳ್ಳಿ ಸುತ್ತಿ, ಮನೆಯ ಪ್ರತಿಯೊಂದು ಪಾತ್ರೆಯನ್ನೂ ತುಂಬಿಸಬೇಕು, ಮರುದಿನದ ಎಣ್ಣೆಸ್ನಾನಕ್ಕೆ. ಅತ್ತೆ ವಿಡಿಯೋದಲ್ಲಿ ಕೇಳಿದ್ದರಂತೆ, "ಎಲ್ಲ ತುಂಬಿಸಿದಿಯಾ? ಗಾಡಿಯ ಹಂಡೆ?" ಎಂದು. ಇವಳು ಪೈಪು ಹಿಡಿದು ಹೊರಟಿದ್ದಾಳೆ.

"ಹಳದಿ ತಿರುಗಣೆ ತೆರೆದಿತ್ತಲ್ಲ?"

"ಹೌದು, ನೀರು ಸೋರ್ತಾ ಇತ್ತು. ನೀವು ಮುಚ್ಲಿಕ್ಕೆ ಮರ್ತದ್ದು ಅಂತ ನಾನೇ ಮುಚ್ಚಿದೆ. ನಳ್ಳಿಗಳೂ ತೆರೆದೇ ಇದ್ದವು. ಎಷ್ಟು ಮರೆವು ಮಾರಾಯ್ರೆ ನಿಮಗೆ!" ಪಂಪು ಹಾಕಿ, ನಲ್ಲಿಯಲ್ಲಿ ನೀರು ಬಂದದ್ದು ನೋಡಿ, ಪೂಜೆ ಮಾಡಿ, ಜೋಪಾನವಾಗಿ ಸ್ವಿಚ್ಚು ಆರಿಸಿ ಬಂದಿದ್ದಳು. ಚಳಿಗೆ ತೆರೆದುಕೊಳ್ಳುವ ವಾಲ್ವಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ್ದಳು. ಪುಣ್ಯಕ್ಕೆ ಆ ಕ್ಲಿಪ್ಪು ಜಾರಿ ಬಿದ್ದು ಬಾಯ್ಲರ್ ಒಂದು ಬಚಾವಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಸ್ಟಿಯರಿಂಗ್ ಮೇಲೆ ಇಷ್ಟು ದೊಡ್ಡದಾಗಿ ಖಾಲಿ ಅಂತ ಬರೆದಿಟ್ಟಿದ್ನಲ್ಲೇ! ಕಾಣಿಸ್ಲಿಲ್ವಾ?"

"ಕಂಡಿತು. ಅದನ್ನು ನೋಡಿಯೇ ತುಂಬಿಸಿದ್ದು. ಹಬ್ಬದ ದಿವಸ ಯಾರಾದ್ರೂ ಮನೆ ಮುಂದೆ ಖಾಲಿ ಅಂತ ಬರೆದಿಡ್ತಾರಾ?"

೫. ಉಡುಪಿಯ ತಜ್ಞ

ಆಮೇಲೆ ನೀರು ಹೆಪ್ಪುಗಟ್ಟುವ ಕಥೆಯನ್ನು ವಿವರಿಸಿ ಹೇಳಿದೆ. ಅವಳ ಮುಖ ಇಳಿಯಿತು. ಒದ್ದೆ ನೆಲದ ಮೇಲೆಯೇ ಕೂತು, "ಹಾಗಾದ್ರೆ ಈ ವರ್ಷವೂ ಸಮುದ್ರ ಇಲ್ವಾ?" ಎಂದಳು. ನನ್ನ ಸಿಟ್ಟೆಲ್ಲ ಅಲ್ಲಿಗೇ ಮುಗಿಯಿತು. ಊರಿಗೆ ಹೋಗದೆ ಎರಡು ವರ್ಷವಾಗಿತ್ತು ಅವಳಿಗೆ. ಏನಾದರೂ ಸರಿ, ಮೇ ತಿಂಗಳೊಳಗೆ ಬಿಸಿನೀರು ಬರಿಸುತ್ತೇನೆ ಎಂದು ಮಾತು ಕೊಟ್ಟೆ. ಪಂಪು ವಯಸ್ಸಾಗಿ ಒಡೆಯಿತು ಎಂದು ಅವಳು ತಾಯಿಗೆ ಹೇಳಿದಳು. ನಾನೂ ಸುಮ್ಮನಿದ್ದೆ.

ಹೊಸ ಪಂಪು ಅಂಚೆಯಲ್ಲಿ ಬಂತು. ಎಲ್ಬೋ ಮಾತ್ರ ಎಲ್ಲೂ ಇಲ್ಲ, ಆ ಅಳತೆಯದ್ದು ಈಗ ಮಾಡುವುದೇ ಇಲ್ಲವಂತೆ. ಆ ಭಾನುವಾರ ಅತ್ತೆಯ ಮನೆಯ ಬಾವಿ ಪಂಪು ರಿಪೇರಿಗೆ ಪ್ಲಂಬರು ಬಂದಿದ್ದ. ಅತ್ತೆ ಫೋನನ್ನು ಸೀದಾ ಅವನ ಮುಖಕ್ಕೆ ಹಿಡಿದರು. "ನಮ್ಮ ಅಳಿಯಂದಿರು. ಸ್ವಲ್ಪ ನೋಡು."

"ಸರ್, ಬಾವಿ ಎಷ್ಟು ಆಳ ಉಂಟು?"

"ಬಾವಿ ಇಲ್ಲಪ್ಪ, ಇದು ಗಾಡಿ. ಗಾಡಿಯೊಳಗೆ ಬಚ್ಚಲಿದೆ."

"ಗಾಡಿಯಲ್ಲಿ ಬಚ್ಚಲಾ? ಮತ್ತೆ ಡ್ರೈವರ್ ಎಲ್ಲಿ ಕೂರುದು?"

ಅವನನ್ನು ಗಾಡಿಯೊಳಗೆಲ್ಲ ಸುತ್ತಿಸಿ ತೋರಿಸಿದೆ. ಸೀಳಿದ ಎಲ್ಬೋವನ್ನು ನೋಡಿದ್ದೇ ತಡ ಅವನ ದನಿಯಲ್ಲಿ ಅಧಿಕಾರ ಬಂತು. "ಅದಕ್ಕೆ ಹೊಸತು ಬೇಡ ಸರ್. ಸೈಕಲ್ ಟ್ಯೂಬ್ ಪಟ್ಟಿ ಮಾಡಿ ಎಳೆದು ಎಳೆದು ಸುತ್ತಿ, ಮೇಲೆ ತಂತಿ ಕಟ್ಟಿ. ಹತ್ತು ವರ್ಷ ಬರ್ತದೆ. ಆದ್ರೆ ಹಳೆ ಸೈಕಲ್ ಟ್ಯೂಬ್ ಈಗ ನಮ್ಮಲ್ಲೇ ಸಿಗುದಿಲ್ಲ. ಆ ದೇಶದಲ್ಲಿ ನಿಮಗೆ ಎಲ್ಲಿ ಸಿಗ್ಬೇಕು?"

ನಾನು ಫೋನನ್ನು ರಸ್ತೆಯ ಕಡೆ ತಿರುಗಿಸಿದೆ. ಎದುರು ಸಾಲಿನ ಮನೆಗಳ ಮುಂದೆ ಇಪ್ಪತ್ತು ಸೈಕಲ್ ನಿಂತಿದ್ದವು. ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ಹಾದುಹೋದವು.

"ಸರ್, ನಿಮಗೆ ಈ ಜನ್ಮದಲ್ಲಿ ಪ್ಲಂಬರ್ ಬೇಡ."

೬. ಬಿಸಿನೀರು

ಮೇ ಮೊದಲ ವಾರ. ದ ಹೇಗ್‌ನ ಆಚೆ, ಮರಳು ದಿಬ್ಬಗಳ ಹಿಂದಿನ ಒಂದು ಕ್ಯಾಂಪಿಂಗ್ ಜಾಗ. ಕೊರೋನಾದಿಂದ ಅಲ್ಲಿಯ ಬಚ್ಚಲು, ಶೌಚಾಲಯಗಳಿಗೆಲ್ಲ ಬೀಗ. ಸ್ವಂತದ್ದು ಇದ್ದವರಿಗೆ ಮಾತ್ರ ಪ್ರವೇಶ. ಗೇಟಿನಲ್ಲಿದ್ದ ಮೇಲ್ವಿಚಾರಕ ನಮ್ಮ ಗಾಡಿಯ ವಯಸ್ಸು ನೋಡಿ, "ನೀರು ಬರುತ್ತದೆಯೇ? ತೋರಿಸಿ" ಎಂದ.

ನಾನು ಸ್ವಿಚ್ಚು ಹಾಕಿದೆ. ಪಂಪು ಗುರ್ ಎಂದಿತು. ನಲ್ಲಿ ಒಂದು ಸಲ ಕೆಮ್ಮಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಇಲ್ಲಿಂದ ವಾಪಸು ಕಳಿಸಿದರೆ ಅವಳ ಮುಖ ಹೇಗೆ ನೋಡುವುದೆಂದು ನನಗೂ ಚಿಂತೆಯಾಯಿತು. ಎರಡನೇ ಸಲ ಕೆಮ್ಮಿ, ಒಂದು ಎಳೆ ಹುಣಸೆ ನಾರು ಉಗುಳಿ, ನಲ್ಲಿ ಧಾರಾಳವಾಗಿ ನೀರು ಬಿಟ್ಟಿತು. ಹೆಂಡತಿ ನಲ್ಲಿಗೆ ಕೈಮುಗಿದಳು.

"ನೀರು ಬಂದಾಗಲೆಲ್ಲ ಇವರು ಹೀಗೇ ಮಾಡುತ್ತಾರೆಯೇ?" ಎಂದು ಅವನು ಕೇಳಿದ.

"ಪ್ರತಿ ಸಲ. ಅಂದರೆ, ಇದು ಎರಡನೇ ಸಲ" ಎಂದೆ.

ಮರುದಿನ ಬೆಳಿಗ್ಗೆ ಆರೂವರೆಗೆ ದಿಬ್ಬ ಹತ್ತಿ ಇಳಿದೆವು. ತಣ್ಣನೆ ಗಾಳಿ. ನೀರಿಗೆ ಒಂದು ಬೆರಳು ಅದ್ದಿದವನೇ ನಾನು ಟವೆಲು ಹಿಡಿಯುವ ಜವಾಬ್ದಾರಿ ವಹಿಸಿಕೊಂಡೆ. ಅವಳು ಚೂಡಿದಾರದಲ್ಲೇ ಸೀದಾ ಸೊಂಟದವರೆಗೆ ಇಳಿದು, ಊರಲ್ಲಿ ಮುಳುಗುವ ಹಾಗೆ ಮೂರು ಸಲ ಮುಳುಗಿದಳು. ನಾಯಿ ಜೊತೆ ನಡೆಯುತ್ತಿದ್ದ ಒಬ್ಬರು ನಿಂತು, ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಯಾರಿಗಾದರೂ ಫೋನು ಮಾಡಬೇಕೇ ಎಂದು ವಿಚಾರಿಸಿದರು. ಅವಳು ಮೇಲೆ ಬಂದಾಗ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು.

ನಾನು ಮುಂದೆ ಓಡಿದೆ. ಬಾಯ್ಲರ್ ಮುಟ್ಟಿ ನೋಡಿದೆ, ಹೊಗೆಯಾಡುವಂಥ ಬಿಸಿನೀರು. ಬಚ್ಚಲಲ್ಲಿ ಊರಿನ ಚೊಂಬು, ಹೊಸ ಸೋಪು, ಒಣಗಿದ ಬಟ್ಟೆ, ಎಲ್ಲ ಸಿದ್ಧ. ಅವಳು ಬಂದು ಒದ್ದೆ ಚೂಡಿದಾರ ಬದಲಾಯಿಸಿ, ಶಾಲು ಹೊದ್ದು, ಗಾಡಿಯ ಮೆಟ್ಟಿಲ ಮೇಲೆ ಕೂತಳು. ಮುಂಗೈಯನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು.

"ಬಾ, ಬಿಸಿನೀರು ರೆಡಿ."

"ಬೇಡ."

"ಏನು ಬೇಡ?"

"ಇವತ್ತು ಮೀಯುದಿಲ್ಲ. ತೊಳೆದ್ರೆ ಹೋಗ್ತದೆ. ಊರಿನದ್ದೇ ಉಪ್ಪು ಮಾರಾಯ್ರೆ, ಇರ್ಲಿ ಮೈಮೇಲೆ."

"ಅಲ್ಲ ಕಣೇ, ವರ್ಷವಿಡೀ ನಾನು ಗಾಡಿ ಕೆಳಗೆ ಮಲಗಿದ್ದು ಈ ಬಿಸಿನೀರಿಗೆ!"

"ಗೊತ್ತುಂಟು. ಹಾಳು ಮಾಡ್ಬೇಡಿ ಮತ್ತೆ. ನಿನ್ನೆಯ ದೋಸೆ ಕಾವಲಿ ಹಾಗೇ ಉಂಟು, ತೊಳೀರಿ."

ತೊಳೆಯಲು ನಿಂತೆ. ಕಿಟಕಿಯಿಂದ ಅವಳು ಕಾಣುತ್ತಿದ್ದಳು, ಕೂದಲಲ್ಲಿ ಮರಳು, ಕೈಯಲ್ಲಿ ಕಾಫಿ, ಎರಡು ವರ್ಷದಲ್ಲಿ ನಾನು ನೋಡದ ನೆಮ್ಮದಿ ಮುಖದಲ್ಲಿ. ನನಗೆ ನಿಜಕ್ಕೂ ಖುಷಿಯಾಯಿತು. ಮಧ್ಯಾಹ್ನ ಮನೆಗೆ ಹೊರಟಾಗ ಅದೇ ಉಪ್ಪು ಮೈಯಲ್ಲಿ, ನಮ್ಮ ಹಳೇ ಗಾಡಿಯ ವೇಗಕ್ಕೆ ಎರಡು ಗಂಟೆ, ಪಕ್ಕದ ಸೀಟಿನಲ್ಲಿ ಹಾಡು ಗುನುಗುತ್ತ ಕೂತಳು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕಾವಲಿಗೆ ಸೋಪು ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾನು­ವಾರದ ತಪಾಸಣೆ. ಒದ್ದೆ ಕೈಯಲ್ಲೇ ಎತ್ತಿ ನಲ್ಲಿಗೆ ಒರಗಿಸಿಟ್ಟೆ. ಅತ್ತೆಗೆ ಮೊದಲು ಕಂಡದ್ದು ಹೊಸ ಪಂಪಿನಿಂದ ಧೋ ಎಂದು ಸುರಿಯುತ್ತಿದ್ದ ಬಿಸಿನೀರು, ಆಮೇಲೆ ಪಾತ್ರೆ ತಿಕ್ಕುತ್ತಿದ್ದ ಅಳಿಯ. ಎರಡೂ ಅವರಿಗೆ ಬಹಳ ಹಿಡಿಸಿದವು.

"ಅಳಿಯಂದಿರೇ, ನೀರು ಎಷ್ಟು ಚಂದ ಬರ್ತಾ ಉಂಟು ನೋಡಿ! ಇದೆಲ್ಲ ಹಬ್ಬದ ದಿವಸ ಟ್ಯಾಂಕಿಗೆ ತುಂಬಿಸಿಟ್ಟದ್ದರ ಫಲ. ಈ ದೀಪಾವಳಿಗೂ ತಪ್ಪಿಸ್ಬೇಡಿ, ಆಯ್ತಾ?"